ಬಸ್ ಸ್ಟ್ಯಾಂಡಿನ ಅಧ್ಯಾಯ

ಹರಿಪ್ರಿಯಾ ಬಾಗಿಲಲ್ಲೇ ಚಪ್ಪಲಿ ಕಳಚುತ್ತಿದ್ದಳು. ಬೇಡವೆಂದು ಫ್ಯೂನರಲ್ ಹೋಮಿನ ಹೆಂಗಸು ಕೈಸನ್ನೆ ಮಾಡಿದರೂ ಕೇಳದೆ, ಬರಿಗಾಲಲ್ಲೇ ಕಾರ್ಪೆಟ್ಟಿನ ಮೇಲೆ ನಡೆದು ಬಂದಳು. ತಂಗಿ ಮೈಥಿಲಿ ಶವಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಯುಟ್ಟು ಮಲಗಿದ್ದಳು. ಹರಿಪ್ರಿಯಾ ಅತ್ತ ನೋಡದೆ ಹಿಂದಿನ ಕುರ್ಚಿ ಹಿಡಿದಳು.

"ಅತ್ತಿಗೆ, ಮುಂದೆ ಬನ್ನಿ," ಎಂದ ಮೈಥಿಲಿಯ ಗಂಡ ಶೇಷಾದ್ರಿ.

"ಇಲ್ಲೇ ಸರಿಯಾಗಿದೆ."

ಅವನ ಮಗಳು ಇಂಚರಾ ಅಮ್ಮನ ಪುಸ್ತಕ ಹಿಡಿದು ಬಂದು ಅಪ್ಪಿಕೊಂಡಳು.

"ಏನು ಓದ್ತೀಯ, ಪುಟ್ಟಿ?"

"ದ ಬಸ್ ಸ್ಟ್ಯಾಂಡ್ ಚಾಪ್ಟರ್, ದೊಡ್ಡಮ್ಮ. ಎವ್ರಿಬಡಿ ಲವ್ಸ್ ಇಟ್."

ಹರಿಪ್ರಿಯಾ ತಲೆಯೆತ್ತಿ ಸುತ್ತ ನೋಡಿದಳು. ಅಮೆರಿಕದ ಈ ಸ್ಯಾನ್ ಮಟಿಯೋ ಊರಿನ ಕನ್ನಡದವರೆಲ್ಲ ಎದುರಿಗೇ ಇದ್ದರು. ಬೇಡ ಅನ್ನುವಷ್ಟರಲ್ಲಿ ಹುಡುಗಿ ಮೈಕಿನ ಮುಂದಿದ್ದಳು.

*

ಮೈಥಿಲಿ ಇಂಗ್ಲಿಷಿನಲ್ಲಿ ಕವಿತೆ ಬರೆದಷ್ಟು ಕಾಲ ಯಾರಿಗೂ ತೊಂದರೆಯಿರಲಿಲ್ಲ. ನಮ್ಮವರು ಯಾರೂ ಓದಲಿಲ್ಲ. ಆತ್ಮಕತೆ ಮಾತ್ರ ದೂರದ ವಾಲ್ನಟ್ ಕ್ರೀಕ್ ಊರಿನ ತನಕ ಕೈಯಿಂದ ಕೈಗೆ ಹೋಯಿತು. ಫೋಟೋ ಸ್ಟುಡಿಯೋದವನ ಜೊತೆ ಓಡಿಹೋಗಿ ಮೂರೇ ದಿನಕ್ಕೆ ಮೈಸೂರಿಗೆ ವಾಪಸಾದ ಅಕ್ಕನ ಕತೆ ಅದರಲ್ಲಿದೆಯೆಂದು ಹರಿಪ್ರಿಯಾಳಿಗೆ ಗೊತ್ತಾದದ್ದು ಯಾರದೋ ಸೀಮಂತದಲ್ಲಿ, ಹೋಳಿಗೆ ಬಡಿಸುವಾಗ.

"ಒಂದು ಮಾತು ಕೇಳ್ಬೇಕಿತ್ತು ತಾನೇ?" ಎಂದು ಫೋನಿನಲ್ಲಿ ಕಿರುಚಿದಳು.

"ಕೇಳಿದ್ರೆ ಬೇಡ ಅಂತಿದ್ದೆ. ಓದಿ ನೋಡು, ಅಕ್ಕ," ಎಂದಳು ಮೈಥಿಲಿ.

"ಮನೆ ಮಾತು ಬೀದಿಗೆ ಹಾಕಿದ್ದನ್ನ ಬೇರೆ ಓದ್ಬೇಕಾ?"

ಓದಲಿಲ್ಲ. ನಾಲ್ಕು ವರ್ಷ ಮಾತೂ ಆಡಲಿಲ್ಲ.

*

ಇಂಚರಾ ಓದಿದಳು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅಳುತ್ತ ಕೂತ ಅಕ್ಕ; ಸುದ್ದಿ ತಿಳಿದು ಓಡಿಬಂದ ಅಪ್ಪ; ತಲೆ ಸವರಿ ಮನೆಗೆ ಕರೆತಂದ ಅಪ್ಪ. ಜನ ಕಣ್ಣೊರೆಸಿಕೊಂಡರು.

"ಅಪ್ಪ ಬರ್ಲಿಲ್ಲ."

ಹರಿಪ್ರಿಯಾ ಎದ್ದು ನಿಂತಿದ್ದಳು. ಎಲ್ಲರೂ ತಿರುಗಿ ನೋಡಿದರು.

"ನನ್ನ ಪಾಲಿಗೆ ಅವಳು ಸತ್ತಳು ಅಂತ ಅಪ್ಪ ಬಾಗಿಲು ಹಾಕ್ಕೊಂಡ್ರು. ಬಂದಿದ್ದು ಈ ಮೈಥಿಲಿ. ಹನ್ನೊಂದು ವರ್ಷದ ಕೂಸು, ಒಬ್ಬಳೇ. ಅಕ್ಕನ್ನ ಒಳಗೆ ಬಿಡೋ ತನಕ ಊಟ ಮಾಡಲ್ಲ ಅಂತ ನನ್ನ ಜೊತೆ ಜಗಲಿ ಮೇಲೆ ಕೂತ್ಲು."

ಹೇಳುತ್ತಲೇ ಮುಂದೆ ನಡೆದಿದ್ದಳು. ಪೆಟ್ಟಿಗೆಯ ಹತ್ತಿರ ಬಂದಾಗ ಸಿಟ್ಟೂ ದುಃಖವೂ ಒಟ್ಟಿಗೇ ಉಕ್ಕಿದವು.

"ನನ್ನ ಮಾನ ಕಳೆದೆ, ಹೋಗ್ಲಿ. ಅಪ್ಪನ್ನ ದೊಡ್ಡ ಮನುಷ್ಯ ಮಾಡೋಕೆ ಕತೆಯಿಂದ ನಿನ್ನನ್ನೇ ಬಿಟ್ಟುಬಿಟ್ಯಲ್ಲೇ, ಪೆದ್ದಿ! ಯಾರು ಹೇಳಿದ್ರು ನಿಂಗೆ?"

ಅಮೆರಿಕದ ಗೆಳೆಯರಿಗೆ ಇಂಗ್ಲಿಷಿನಲ್ಲಿ ತಿಳಿಸಲು ಇಂಚರಾ ಮೈಕಿಗೆ ಬಾಗಿದಳು; ಅರ್ಧಕ್ಕೇ ಬಿಟ್ಟು ಪುಸ್ತಕ ಮುಚ್ಚಿದಳು. ಹರಿಪ್ರಿಯಾ ತಂಗಿಯ ಹಣೆಗೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತ ಬೈಯುತ್ತಲೇ ಇದ್ದಳು.