ಆರು ತೂತು, ಏಳು ಉಂಡಿ

ನನ್ನ ಗಂಡ ವಿಶ್ವನಾಥಪ್ಪನವರು ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇಂಧನದ ಟ್ಯಾಂಕುಗಳ ಸೋರಿಕೆ ಹುಡುಕಿದವರು. ಕೆಲಸದಿಂದ ನಿವೃತ್ತರಾದರು, ಚಟದಿಂದ ಆಗಲಿಲ್ಲ. ಮನೆಯ ಕುಕ್ಕರು, ನಲ್ಲಿ, ಬೀಗರು ತಂದ ತುಪ್ಪದ ಡಬ್ಬಿ, ಯಾವುದೂ ಅವರ ತಪಾಸಣೆಯಿಂದ ತಪ್ಪಿಸಿಕೊಂಡಿಲ್ಲ. ಹೋದ ವರ್ಷ ಗಂಗಾಪುರ ಡ್ಯಾಮಿನ ಹಿನ್ನೀರಿಗೆ ಕಯಾಕ್ ದೋಣಿ ಹತ್ತಲು ಹೋದಾಗ ಲೈಫ್ ಜಾಕೆಟ್ಟಿನ ಹೊಲಿಗೆ ಎಣಿಸುತ್ತ ನಿಂತರು. ನಮಗೆ ಸಿಕ್ಕಿದ್ದ ಒಂದು ತಾಸು ದಂಡೆಯ ಮೇಲೇ ಮುಗಿಯಿತು. ಎರಡು ದಿನ ನಾನು ಅವರ ಜೊತೆ ಮಾತು ಬಿಟ್ಟಿದ್ದೆ.

ಈ ವರ್ಷ ಹೋಳಿ ಮುಗಿದ ಮೇಲೆ ಮತ್ತೆ ಹೊರಟೆವು. ನೀರಿನ ನಡುವೆ ಒಂದು ಪುಟ್ಟ ನಡುಗಡ್ಡೆ ಇದೆ. ಅದನ್ನು ಮುಟ್ಟಿ ಬರಬೇಕು, ಇಷ್ಟೇ ನನ್ನ ಆಸೆ. "ಈ ಸಲನೂ ದಂಡೀ ಮ್ಯಾಲ ನಿಲ್ಲಿಸಿದ್ರ ನಾ ಒಬ್ಬಾಕೇ ಹೋಗ್ತೀನ್ರಿ" ಎಂದು ನಾಸಿಕ್ ಬಸ್ಸಿನಲ್ಲೇ ಹೇಳಿದ್ದೆ.

ದೋಣಿ ಕೊಡುವ ಮಂಗಲಾ ಹುಟ್ಟು ತರಲು ಹೋದಳು. ನಾನು ಸೀರೆ ಬಿಟ್ಟು ಸೊಸೆಯ ಚೂಡಿದಾರ ತೊಟ್ಟು ಬರುವಷ್ಟರಲ್ಲಿ ಇವರು ದೋಣಿಯ ಪಕ್ಕ ಕೂತು ಕೈ ಒರೆಸಿಕೊಳ್ಳುತ್ತಿದ್ದರು. ಇಷ್ಟು ಬೇಗ ಪಾಸು ಮಾಡಿದರಲ್ಲ ಎಂದು ನನಗೆ ಖುಷಿಯೋ ಖುಷಿ. ನಾನು ಮುಂದೆ, ಅವರು ಹಿಂದೆ ಕೂತು ಹೊರಟೆವು.

ನನ್ನ ಹುಟ್ಟು ಒಂದು ಕಡೆ, ಅವರದು ಇನ್ನೊಂದು ಕಡೆ. ಎರಚಿದ ನೀರೆಲ್ಲ ನಮ್ಮ ಕಾಲಬುಡದಲ್ಲೇ. ನೋಡನೋಡುತ್ತ ಹಿಮ್ಮಡಿ ಮುಳುಗಿತು.

"ನೀರು ನಿಂತದಲ್ರಿ."

"ಹ್ಯಾಂಗ ನಿಲ್ತದ? ತಳದಾಗ ಆರು ತೂತ ಇದ್ವು. ಎಲ್ಲಾ ಮುಚ್ಚೀನಿ."

"ಏನ್ ಹಾಕಿ ಮುಚ್ಚೀರಿ?"

"ನಿನ್ನ ಶೇಂಗಾ ಉಂಡಿ. ಅಳತಿ ಬರೋಬ್ಬರಿ ಕುಂತದ."

ನಡುಗಡ್ಡೆಯ ಮೇಲೆ ಕೂತು ತಿನ್ನಲೆಂದು ಬೆಲ್ಲ ಕುಟ್ಟಿ ಕಟ್ಟಿದ್ದ ಏಳು ಉಂಡಿ. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮಂಗಲಾ ತನ್ನ ದೋಣಿಯಲ್ಲಿ ಪಕ್ಕಕ್ಕೆ ಬಂದು ಇಣುಕಿದಳು. ಒಳಗೆ ಬಿದ್ದ ನೀರು ಹೊರಗೆ ಹೋಗಲೆಂದೇ ಆ ತೂತುಗಳಿವೆ ಕಾಕಾ ಎಂದು ಮರಾಠಿಯಲ್ಲಿ ಹೇಳಿ ನಕ್ಕಳು. ಇವರು ಒಪ್ಪಬೇಕಲ್ಲ.

"ತೂತ ಅಂದ್ರ ತೂತ. ಉಂಡಿ ಕರಗಾಕತ್ತಾವ ಸುಶೀಲಾ, ತಿರುಗಿಸು. ಮುಳುಗ್ತೀವಿ."

"ಮುಳುಗಿದ್ರ ಮುಳುಗೋಣ್ರಿ. ನಾ ತಿರುಗಿಸಂಗಿಲ್ಲ."

ನಾನು ಒಬ್ಬಳೇ ಹುಟ್ಟು ಹಾಕಿದೆ. ಅವರು ಕಣ್ಣು ಮುಚ್ಚಿ ಕೂತರು. ಉಂಡಿಗಳು ಒಂದೊಂದಾಗಿ ಕರಗಿ ಮೀನಿನ ಪಾಲಾದವು. ಕಾಲಬುಡದ ನೀರು ಏರಲಿಲ್ಲ, ಸದ್ದಿಲ್ಲದೆ ಇಳಿದುಹೋಯಿತು. ಅವರು ಕಣ್ಣು ತೆರೆಯುವ ಹೊತ್ತಿಗೆ ದೋಣಿಯ ಮೂತಿ ನಡುಗಡ್ಡೆಯ ಮಣ್ಣಿಗೆ ತಾಗಿತ್ತು. ಅಲ್ಲಿ ಕಾಲಿಟ್ಟಾಗ ಆದ ಸಂತೋಷ ನನಗೆ ಮಗನ ಮದುವೆಯಲ್ಲೂ ಆಗಿರಲಿಲ್ಲ.

ಅವರು ಜೇಬಿಗೆ ಕೈ ಹಾಕಿ ಏಳನೆಯ ಉಂಡಿ ತೆಗೆದರು. ನನಗೆಂದು ಒಂದನ್ನಾದರೂ ಉಳಿಸಿದ್ದಾರಲ್ಲ ಎಂದು ಸಿಟ್ಟೆಲ್ಲ ಇಳಿಯಿತು.

"ಸ್ಪೇರ್" ಎಂದು ಅವರು ದೋಣಿಯ ಕಡೆ ಬಾಗಿದರು. "ವಾಪಸ್ ಹೋಗಾಕ ಒಂದರೆ ಮುಚ್ಚಿರ್ಲಿ."

ಅದನ್ನು ಅವರ ಕೈಯಿಂದ ಕಸಿದು ಇಡಿಯಾಗಿ ಬಾಯಿಗೆ ಹಾಕಿಕೊಂಡೆ.