ಗೂಳಪ್ಪನವರ ನಂತರದ ಸಾಕ್ಷಿ

“ಇಲ್ಲೇ ಇಳಸ್ರಿ!”

ಕಲ್ಲವ್ವ ಕೂಗಿದ್ದೇ ತಡ, ಹೆಗಲು ಕೊಟ್ಟವರು ಗಕ್ಕನೆ ನಿಂತರು. ಹೂವಿನ ವಿಮಾನದಲ್ಲಿ ಕೂರಿಸಿದ್ದ ಆಕೆಯ ಗಂಡ ಗೂಳಪ್ಪನವರ ಹೆಣದ ತಲೆ ಒಮ್ಮೆ ಅಲುಗಿತು. ಮನೆ ಬಿಟ್ಟು ನೂರು ಹೆಜ್ಜೆಯೂ ಆಗಿರಲಿಲ್ಲ.

“ವೈನಿ, ರುದ್ರಭೂಮಿ ಇನ್ನೂ ಭಾಳ ದೂರ ಅದ. ನಡುದಾರ್ಯಾಗ ಯಾಕ?” ಎಂದ ಮೈದುನ ಬಸವಲಿಂಗ.

ಕಲ್ಲವ್ವನ ಕಣ್ಣು ಪಾನಿನಂಗಡಿಯ ಕಡೆಗಿತ್ತು. ಅಲ್ಲಿ ಬೈಕಿಗೆ ಒರಗಿ ಅವನು ನಿಂತಿದ್ದ, ಮೇಲಿನ ಮನೆಯ ಮಾಧುರಿಯನ್ನು ಎಂಟು ತಿಂಗಳಿಂದ ಕಾಲೇಜಿಗೂ ಬಸ್ಸಿಗೂ ಬೆನ್ನುಹತ್ತಿದವನು. ಹೆಣ ಹೋಗುವ ಹೊತ್ತಿನಲ್ಲೂ, ಮಂದಿಯ ನಡುವೆ ನಡೆಯುತ್ತಿದ್ದ ಅವಳನ್ನೇ ನೋಡುತ್ತಿದ್ದ. ಎಂಥ ಭಂಡ! ಸೋಮವಾರ ಕೋರ್ಟಿನಲ್ಲಿ ಅವನ ಕೇಸಿನ ತಾರೀಖಿತ್ತು. ಹುಡುಗಿಗಿದ್ದ ಒಂದೇ ಸಾಕ್ಷಿ ಗೂಳಪ್ಪನವರು.

*

ಧನಕವಡಿಯ ಗೋದಾಮಿನಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ಗೂಳಪ್ಪ ಯಾರ ತಂಟೆಗೂ ಹೋದವರಲ್ಲ. ಮಾಧುರಿಯ ಪರವಾಗಿ ಠಾಣೆಗೆ ಹೋಗಿ ಹೇಳಿಕೆ ಕೊಟ್ಟಿದ್ದೇ ಅವರ ಬಾಳಿನ ದೊಡ್ಡ ಸಾಹಸ. ಪೊಲೀಸರು ಹಿಡಿದೊಯ್ದ ಆ ಹುಡುಗನಿಗೆ ಅಂದೇ ಸಂಜೆ ಜಾಮೀನು ಸಿಕ್ಕಿತ್ತು.

“ಊರ ಉಸಾಬರಿ ನಿಮಗ್ಯಾಕ್ರಿ? ನೋಡ್ರಿ, ಮತ್ತ ಬಂದು ನಿಂತಾನ!” ಎಂದು ಕಲ್ಲವ್ವ ರೇಗಿದ್ದರು. ಕಿಟಕಿಯಿಂದ ಅವರೂ ಎಲ್ಲ ಕಂಡವರೇ. ಆದರೆ ಠಾಣೆಯ ಮೆಟ್ಟಿಲು ಹತ್ತಲು ಅವರು ಒಪ್ಪಿರಲಿಲ್ಲ.

“ಹೊಸ ಕಾಯ್ದೆ ತರತಾರಂತ, ಹಿಂಗ ಬೆನ್ನ ಹತ್ತಾವ್ರಿಗೆ ಮೊದಲನೇ ಸಲಕ್ಕೇ ಜಾಮೀನು ಸಿಗದಂಗ,” ಎಂದು ಗೂಳಪ್ಪ ಪೇಪರು ಮಡಚಿದ್ದರು. “ಖರೆ, ಕಾಯ್ದೆ ಎಷ್ಟ ಬಿಗಿ ಆದ್ರೂ ನೋಡಿದವ್ರು ಬಾಯಿ ಬಿಡಬೇಕಲ್ಲ?”

*

ವಿಮಾನ ನೆಲಕ್ಕಿಳಿಯಿತು. ಭಜನೆ ನಿಂತಿತು. ಕಲ್ಲವ್ವ ಬೆರಳು ತೋರಿದ ಕಡೆಗೆ ನಲವತ್ತು ಮಂದಿ ತಿರುಗಿದರು. ಅವನು ಬೈಕು ಚಾಲೂ ಮಾಡಿದ. ಮುಂದೆ ಹೆಣ, ಹಿಂದೆ ಅಂಗಡಿ, ಹೋಗಲು ದಾರಿಯೇ ಇರಲಿಲ್ಲ.

“ಇವನ್ನ ಛಂದಂಗ ನೋಡ್ರಿ. ನಮ್ಮ ಯಜಮಾನ್ರು ಹೋದ್ರು, ಇನ್ನ ಸಾಕ್ಷಿ ಇಲ್ಲಂತ ಧೈರ್ಯಾ ಬಂದದ ಇವಗ. ನಾನೂ ನೋಡೇನಿ. ಸೋಮವಾರ ನಾನ ಬಂದು ಹೇಳತೇನಿ.”

ಬಸವಲಿಂಗ ತಬ್ಬಿಬ್ಬಾದ. “ಮಣ್ಣ ಆದ ಮ್ಯಾಲ ದಿವಸದ ಕಾರ್ಯ ಆಗೂತನಕ ನೀವು ಹೊಸ್ತಿಲಾ ದಾಟಬಾರದ್ರಿ, ವೈನಿ.”

“ನಿಮ್ಮಣ್ಣ ಬ್ಯಾಡ ಅಂತಿದ್ರೇನು?”

ಬಸವಲಿಂಗ ವಿಮಾನದ ಕಡೆ ತಿರುಗಿದ. ಮಾಧುರಿ ಬಂದು ಕಲ್ಲವ್ವನ ತೋಳು ಹಿಡಿದಳು.

“ನಾನೂ ನೋಡೇನಿ, ಬಸ್‌ಸ್ಟಾಪಿನ್ಯಾಗ,” ಎಂದಳು ಹೂ ಮಾರುವ ರಂಗೂಬಾಯಿ. “ಬರಕೋ ತಂಗಿ ನನ್ನ ಹೆಸರು.”

“ನಂದೂ ಬರಕೋ,” ಎಂದರು ಹಿಂದಿನಿಂದ ಯಾರೋ.

ಮತ್ತೊಬ್ಬರು ಮುಂದೆ ಬಂದರು. ಹೆಗಲು ಕೊಡಲು ಬರ್ರೆಂದು ಬಸವಲಿಂಗ ಕರೆಯುತ್ತಲೇ ಇದ್ದ. ಮಾಧುರಿ ನಡುರಸ್ತೆಯಲ್ಲಿ ನಿಂತು, ಕಣ್ಣೊರೆಸಿಕೊಳ್ಳಲೂ ಪುರುಸೊತ್ತಿಲ್ಲದೆ, ಮೊಬೈಲಿನಲ್ಲಿ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದಳು.