ಮಾತಿಲ್ಲದವರ ಸ್ಟೂಲು

ಇಲಿಗಳಿಗೂ ಒಂದು ಪಾಲು ಕೊಡಬೇಕು ಎಂದು ಸಭೆಯಲ್ಲಿ ತೀರ್ಮಾನವಾದಾಗ ಬೇಕರಿಯಕ್ಕನೂ ಎಲ್ಲರ ಜೊತೆ ಕೈಯೆತ್ತಿದ್ದಳು. ಹೊಸದಾಗಿ ಬಂದ ಸೊಸೆ ಅತ್ತೆಮನೆಯ ಉಪ್ಪಿಲ್ಲದ ಅಡುಗೆಯನ್ನೂ ಚೆನ್ನಾಗಿದೆ ಅನ್ನುವುದಿಲ್ಲವೇ, ಹಾಗೆ. ಗಂಡ ಪಕ್ಕದಲ್ಲೇ ಕೂತು ಎರಡೂ ಕೈ ಎತ್ತಿದ್ದ. ಅವನದು ಯಾವಾಗಲೂ ಒಂದು ಕೈ ಹೆಚ್ಚು.

ಅವರ ಬಳಗವಿದ್ದದ್ದು ಊರಾಚೆ, ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಜಾಗದಲ್ಲಿ. ಪ್ರಕೃತಿಯ ಜೊತೆ ಹೊಂದಿಕೊಂಡು ಬಾಳಬೇಕು, ಇನ್ನೊಬ್ಬರ ಹಂಗಿಲ್ಲದೆ ಉಣ್ಣಬೇಕು, ನಾಳೆ ಲೋಕವೇ ಮುಳುಗಿದರೂ ನಾವು ತೇಲುತ್ತಿರಬೇಕು ಎಂದು ಕೆಲವು ಕುಟುಂಬಗಳು ಸೇರಿ ಕಟ್ಟಿಕೊಂಡದ್ದು. ಮುಂದಾಳು ದೊಡ್ಡಣ್ಣ. ಈತ ಹಿಂದೆ ಏರ್ ಕಂಡೀಷನರ್ ಮಾರುತ್ತಿದ್ದ. ಅರ್ಧ ಆಯುಷ್ಯ ಜನರಿಗೆ ಕಿಟಕಿ ಮುಚ್ಚಿ ಎಂದು ಹೇಳಿ, ಉಳಿದರ್ಧದಲ್ಲಿ ಕಿಟಕಿ ತೆರೆಯಿರಿ ಎಂದು ಹೇಳಲು ಹೊರಟವನು. ಎರಡನ್ನೂ ಅದೇ ಜೇನಿನಂಥ ದನಿಯಲ್ಲಿ ಹೇಳುತ್ತಿದ್ದ, ಎರಡಕ್ಕೂ ಗಿರಾಕಿಗಳಿದ್ದರು.

ಬೇಕರಿಯಕ್ಕನ ಗಂಡ ಅಂಥ ಒಬ್ಬ ಗಿರಾಕಿ. ಒಂದು ದಿನ ದೊಡ್ಡಣ್ಣನ ಭಾಷಣ ಕೇಳಿ ಬಂದವನು ಊಟ ಬಿಟ್ಟ, ನಿದ್ದೆ ಬಿಟ್ಟ, ಕೊನೆಗೆ ಬೇಕರಿಯನ್ನೂ ಬಿಟ್ಟ. ಬೇಕರಿ ಮಾರಿ, ಅದರ ಮೇಲಿನ ಮನೆ ಮಾರಿ, ಬಳಗಕ್ಕೆ ಸುರಿದು ಬಂದರು. ಉಳಿದವರು ಹಾಗೆ ಮಾಡಿರಲಿಲ್ಲ ಎಂಬುದು ಅವಳಿಗೆ ತಡವಾಗಿ ತಿಳಿಯಿತು. ದೊಡ್ಡಣ್ಣನ ಫ್ಲ್ಯಾಟು ನಗರದಲ್ಲಿ ಹಾಗೇ ಇತ್ತು, ಬೀಗ ಹಾಕಿ. ಬಳಗದ ಇನ್ನೊಬ್ಬ ಹಿರಿಯರಾದ ಲೆಕ್ಚರರ್ ಮೇಡಂ ಅವರ ಮನೆಯನ್ನು ತಂಗಿ ನೋಡಿಕೊಳ್ಳುತ್ತಿದ್ದಳು. ಎಲ್ಲರೂ ಒಂದು ಕಾಲನ್ನು ದಡದಲ್ಲಿಟ್ಟುಕೊಂಡೇ ನೀರಿಗಿಳಿದವರು. ಎರಡೂ ಕಾಲು ಇಳಿಸಿದವರು ಇವರಿಬ್ಬರೇ.

ಬಳಗದಲ್ಲಿ ಎಲ್ಲರೂ ಒಪ್ಪದೆ ಏನೂ ಆಗುವಂತಿರಲಿಲ್ಲ. ಒಬ್ಬರು ಬೇಡವೆಂದರೂ ಬೇಡ. ಆದರೆ ಹಾಗೆ ಬೇಡವೆಂದವರನ್ನು ದೊಡ್ಡಣ್ಣ ಆ ಜೇನಿನಂಥ ದನಿಯಲ್ಲಿ ನಡುವೆಯೇ ತಡೆದು ಒಪ್ಪಿಸಿಬಿಡುತ್ತಿದ್ದ. ಬೆಳಗಿನ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ವೃತ್ತವಾಗಿ ಕೂರುವುದು, ನಡುವೆ ಒಂದು ಮರದ ಸ್ಟೂಲು. ಅದು ಮಾತಿಲ್ಲದವರ ಸ್ಟೂಲು. ಮರ, ಹುಳ, ಹಕ್ಕಿ, ನಾಯಿ, ಯಾವುದರ ಪರವಾಗಿಯಾದರೂ ಒಬ್ಬರು ಅದರ ಮೇಲೆ ಕೂತು ಮಾತಾಡಬಹುದು. ಮೊದಲು ಬಂದು ಕೂತವರಿಗೆ ಆ ದಿನದ ಸ್ಟೂಲು. ಅಲ್ಲಿ ಕೂತವರ ಮಾತನ್ನು ಯಾರೂ ತಡೆಯುವಂತಿಲ್ಲ, ಅವರು ಬೇಡವೆಂದರೆ ಅದೂ ಬೇಡವೇ. ಈ ಏರ್ಪಾಟನ್ನು ನೋಡಲು ಹೊರಗಿನಿಂದ ಜನ ಬಂದು ಕಣ್ಣೀರು ಹಾಕಿ ಹೋಗುತ್ತಿದ್ದರು.

ಲೆಕ್ಚರರ್ ಮೇಡಂ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ಇಲಿಗಳ ಪರವಾಗಿ ಕೂರುತ್ತಿದ್ದವರು ಅವರೇ.

ಉಗ್ರಾಣ ಬೇಕರಿಯಕ್ಕನ ಕೈಯಲ್ಲಿತ್ತು. ಹಿಟ್ಟು ನೋಡಿಕೊಂಡವಳು ಕಾಳನ್ನೂ ನೋಡಿಕೊಳ್ಳುತ್ತಾಳೆ ಎಂದು ವಹಿಸಿದ್ದರು. ಅಲ್ಲಿ ಬಿದಿರಿನ ಬುಟ್ಟಿಗಳಲ್ಲಿ ಬಿತ್ತನೆಗೆಂದು ಎತ್ತಿಟ್ಟ ಗೋಧಿ. ತಗಡಿನ ಡ್ರಮ್ಮಿಗೆ ತುಂಬೋಣ ಎಂದು ಅವಳು ಮೊದಲೇ ಕೇಳಿದ್ದಳು.

"ತಗಡಿನೊಳಗೆ ಕಾಳು ಹೇಗೆ ಉಸಿರಾಡುತ್ತೆ ತಾಯಿ?" ಅಂದಿದ್ದ ದೊಡ್ಡಣ್ಣ.

ಕಾಳು ಚೆನ್ನಾಗಿ ಉಸಿರಾಡಿತು. ಅದರ ವಾಸನೆ ಹಿಡಿದು ಇಲಿಗಳು ಬಂದವು. ತೀರ್ಮಾನದ ಪ್ರಕಾರ ಒಂದು ತಟ್ಟೆಯಲ್ಲಿ ಅವುಗಳ ಪಾಲು ಹಾಕಿ ಮೂಲೆಗಿಟ್ಟರು. ಪಾಲು ಸಿಕ್ಕರೆ ಕಳ್ಳತನ ನಿಲ್ಲುತ್ತದೆ ಎಂಬುದು ಮೇಡಂ ಅವರ ವಾದ. ಇಲಿಗಳು ತಟ್ಟೆ ಖಾಲಿ ಮಾಡಿ ನೆಂಟರಿಷ್ಟರಿಗೆಲ್ಲ ಹೇಳಿ ಕಳಿಸಿದವು. ಬುಟ್ಟಿಗಳ ಬುಡ ತೂತಾಯಿತು. ಒಂದು ಬುಟ್ಟಿಯನ್ನು ಎತ್ತಿದರೆ ಬರಿಯ ಹೊಟ್ಟು ಸುರಿಯಿತು. ಅಂದು ಬೇಕರಿಯಕ್ಕ ಅಲ್ಲೇ ಹೊಟ್ಟಿನ ಪಕ್ಕ ಕೂತುಬಿಟ್ಟಳು. ಹೊರಗಿನಿಂದ ಬೀಜ ತರುವುದಿಲ್ಲ ಎಂದು ಬಳಗದವರೆಲ್ಲ ಪ್ರಮಾಣ ಮಾಡಿದ್ದರು. ಈ ಬೀಜ ಹೋದರೆ ಬಿತ್ತನೆಯಿಲ್ಲ. ಬಿತ್ತನೆ ಇಲ್ಲದಿದ್ದರೆ ಎಲ್ಲರೂ ಅವರವರ ಬೀಗ ತೆಗೆದು ಒಳಗೆ ಹೋಗುತ್ತಾರೆ. ತಾವು ಯಾವ ಬೀಗ ತೆಗೆಯುವುದು?

ಮಾರನೆಯ ದಿನ ಸಭೆಯಲ್ಲಿ ಅವಳು ಹೇಳಿದಳು: "ಬೋನು ಇಡೋಣ. ಕೊಲ್ಲೋದು ಬೇಡ, ಹಿಡಿದು ದೂರ ಬಿಟ್ಟು ಬರೋಣ."

ಮೇಡಂ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. "ನಾವು ಇಲಿಗಳು," ಎಂದು ಶುರು ಮಾಡಿದರು. "ಈ ನೆಲಕ್ಕೆ ನಿಮಗಿಂತ ಮೊದಲು ಬಂದವರು. ನಮ್ಮನ್ನು ಗಡೀಪಾರು ಮಾಡೋಕೆ ನೀವು ಯಾರು?"

"ಅಲ್ಲ ಮೇಡಂ, ಬೀಜನೇ ತಿಂದುಬಿಟ್ರೆ..."

"ಅಕ್ಕಾ," ಎಂದ ದೊಡ್ಡಣ್ಣ ಮೆಲ್ಲಗೆ, "ಈಗ ಮಾತಾಡ್ತಿರೋದು ಮೇಡಂ ಅಲ್ಲ."

"ಮತ್ತೆ ಯಾರು?"

"ಇಲಿ."

ಬೇಕರಿಯಕ್ಕ ಗಂಡನ ಮುಖ ನೋಡಿದಳು. ಅವನು ಇಲಿಗೆ ತಲೆದೂಗುತ್ತಿದ್ದ. ಬೋನು ಇಡುವುದಕ್ಕೆ ಇಲಿಗಳು ಒಪ್ಪದ ಕಾರಣ ಬೋನು ಬೇಡವೆಂದಾಯಿತು.

ಆ ವಾರದಲ್ಲೇ ಬೆಕ್ಕೊಂದು ಬೇಲಿ ಹಾರಿ ಬಂತು. ಕಿವಿ ಹರಿದ, ಬಾಲ ಮುರಿದ, ಮುಖ ನೋಡಿದರೆ ಸಾಲ ಕೊಟ್ಟವರೂ ವಾಪಸು ಕೇಳಲಾರದಂಥ ಬೆಕ್ಕು. ಯಾರೂ ಕರೆದಿರಲಿಲ್ಲ. ನೇರ ಉಗ್ರಾಣಕ್ಕೆ ನುಗ್ಗಿ, ಎಷ್ಟೋ ದಿನದಿಂದ ಇದೇ ಕೆಲಸಕ್ಕೆ ಕಾಯುತ್ತಿದ್ದ ಹಾಗೆ, ಕೆಲಸ ಶುರು ಮಾಡಿತು. ಬೇಕರಿಯಕ್ಕ ಬಾಗಿಲು ಮುಂದಕ್ಕೆಳೆದು ಹೊರಗೆ ಕೂತಳು. ಒಳಗಿನ ಸದ್ದು ಕೇಳಿ ಅವಳ ಎದೆ ಹಗುರಾಯಿತು. ಅದಕ್ಕೆ ಒಂದಿಷ್ಟು ನಾಚಿಕೆಯೂ ಆಯಿತು, ಆದರೆ ನಾಚಿಕೆ ತಡವಾಗಿ ಬಂತು.

ಸುದ್ದಿ ಎಷ್ಟು ಹೊತ್ತು ಅಡಗೀತು? ಸಂಜೆಗೆ ದೊಡ್ಡಣ್ಣ ಉಗ್ರಾಣದ ಬಾಗಿಲಲ್ಲಿ ನಿಂತಿದ್ದ, ಹಿಂದೆ ಮೇಡಂ, ಅವರ ಹಿಂದೆ ಅವಳ ಗಂಡ.

"ಅಕ್ಕಾ, ಇದು ಹೊರಗಿನದು," ಎಂದ ದೊಡ್ಡಣ್ಣ.

"ಇಲಿಗಳು ಅರ್ಜಿ ಹಾಕಿ ಬಂದಿದ್ವಾ ಅಣ್ಣಾ?"

"ಇದು ಹಿಂಸೆ."

"ಅದಕ್ಕೆ ಊಟ."

"ನೋಡೇ," ಎಂದ ಗಂಡ ತಗ್ಗಿದ ದನಿಯಲ್ಲಿ, "ಎಲ್ಲರ ಮುಂದೆ ಎದುರು ಮಾತಾಡಬೇಡ. ನಾಳೆ ಸಭೆಯಲ್ಲಿ ತೀರ್ಮಾನ ಆಗುತ್ತಲ್ಲ."

"ಆಗುತ್ತೆ ರೀ. ಸ್ಟೂಲಿನ ಮೇಲೆ ಇಲಿ ಕೂತಿರುತ್ತಲ್ಲ, ಯಾಕಾಗಲ್ಲ?"

ಹೇಳಿದ ಮೇಲೆ ಆ ಮಾತು ಅವಳ ತಲೆಯಲ್ಲೇ ಕೂತಿತು.

ಬೇಕರಿ ನಡೆಸಿದವರಿಗೆ ಬೆಳಗು ಉಳಿದವರಿಗಿಂತ ಮುಂಚೆ ಆಗುತ್ತದೆ. ಮೇಡಂ ಶಾಲು ಹೊದ್ದು, ಕಣ್ಣುಜ್ಜಿಕೊಳ್ಳುತ್ತ ಸಭೆಗೆ ಬಂದಾಗ ಸ್ಟೂಲಿನ ಮೇಲೆ ಬೇಕರಿಯಕ್ಕ ಕಾಲು ಮಡಿಸಿಕೊಂಡು ಕೂತಿದ್ದಳು. ಮೇಡಂ ಒಂದು ಸುತ್ತು ಬಂದರು. ಸ್ಟೂಲು ಒಂದೇ ಇತ್ತು.

ಎಲ್ಲರೂ ಕೂತ ಮೇಲೆ ದೊಡ್ಡಣ್ಣ ಗಂಟಲು ಸರಿಮಾಡಿಕೊಂಡು ಕೇಳಿದ: "ಬೆಕ್ಕನ್ನು ಬೇಲಿಯಾಚೆ ಬಿಡುವುದು. ಎಲ್ಲರಿಗೂ ಒಪ್ಪಿಗೆಯೇ?"

ಕೈಗಳು ಎದ್ದವು. ಗಂಡನದು ಎರಡು.

"ನಾನು ಬೆಕ್ಕು," ಎಂದಳು ಬೇಕರಿಯಕ್ಕ.

ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು. ಅಂಗಡಿಯಲ್ಲಿ ನಿಂತು ಎಷ್ಟು ಗಿರಾಕಿಗಳ ಜೊತೆ ಬಾಯಿ ಮಾಡಿದ್ದರೂ ಹೀಗೆ ಸ್ಟೂಲಿನ ಮೇಲೆ ಪ್ರಾಣಿಯಾಗಿ ಕೂತದ್ದಿರಲಿಲ್ಲ. ಆದರೂ ಬಿಡಲಿಲ್ಲ.

"ನಾನು ಬೆಕ್ಕು. ನನ್ನ ಕಿವಿ ಹರಿದಿದೆ, ಬಾಲ ಮುರಿದಿದೆ. ಹಿಂದೆ ಹೋಗೋಕೆ ನನಗೆ ಮನೆ ಇಲ್ಲ. ನಿಮಗೆ ಇದೆ. ಮಳೆ ಬಾರದಿದ್ರೆ ಹೋಗ್ತೀರಿ, ಬೆಳೆ ಬಾರದಿದ್ರೆ ಹೋಗ್ತೀರಿ, ಬೇಜಾರಾದ್ರೂ ಹೋಗ್ತೀರಿ. ಎಲ್ಲಾ ಬಿಟ್ಟು ಬಂದೋಳು ನಾನು, ನಾನೆಲ್ಲಿಗೆ ಹೋಗ್ಲಿ? ಈ ಗೋಧಿ ನೆಲಕ್ಕೆ ಬೀಳೋವರೆಗೂ ನಾನು ಉಗ್ರಾಣ ಬಿಟ್ಟು ಕದಲಲ್ಲ. ಒಪ್ಪಲ್ಲ."

ಇಷ್ಟು ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಗಂಡನ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಇದು ಬೆಕ್ಕಿನ ಮಾತಲ್ಲ," ಎಂದರು ಮೇಡಂ.

"ಬೆಕ್ಕನ್ನೇ ಕೇಳಿ ನೋಡಿ ಮೇಡಂ," ಎಂದಳು ಅವಳು. "ನೀವು ಇಲೀನ ಕೇಳಿದ ಹಾಗೆ."

ದೊಡ್ಡಣ್ಣ ಬಾಯಿ ತೆರೆದ. ಸ್ಟೂಲಿನವರನ್ನು ತಡೆಯುವಂತಿಲ್ಲ ಎಂಬ ನಿಯಮ ಅವನದೇ. ಅದನ್ನು ಹೇಳಿ ಎಷ್ಟೋ ಊರುಗಳಲ್ಲಿ ಚಪ್ಪಾಳೆ ತೆಗೆದುಕೊಂಡಿದ್ದ. ಬಾಯಿ ಮುಚ್ಚಿದ. ಬೆಕ್ಕು ಉಳಿಯಿತು.

ಆಮೇಲೆ ಸ್ಟೂಲಿಗೆ ನೂಕುನುಗ್ಗಲು ಶುರುವಾಯಿತು. ತಾನು ಹಿಡಿದದ್ದೇ ಆಗಬೇಕೆಂದರೆ ಬೇಗ ಏಳಬೇಕು ಎಂಬುದು ಎಲ್ಲರಿಗೂ ತಿಳಿದುಹೋಗಿತ್ತು. ಒಬ್ಬ ಎರೆಹುಳವಾಗಿ ಬಂದು ಅಗೆಯುವ ಕೆಲಸ ಬೇಡವೆಂದ. ಇನ್ನೊಬ್ಬ ಸೌದೆಯಾಗಿ ಕೂತು ತನ್ನನ್ನು ಒಡೆಯಕೂಡದು ಅಂದ. ಅಂದು ಸೌದೆ ಒಡೆಯುವ ಸರದಿ ಅವನದೇ ಆಗಿತ್ತು. ಮೇಡಂ ಚಾಪೆ ತಂದು ಸ್ಟೂಲಿನ ಬುಡದಲ್ಲೇ ಮಲಗತೊಡಗಿದರು. ಸಭೆಯಲ್ಲಿ ಯಾವ ತೀರ್ಮಾನವೂ ಆಗದೆ ಹೋಯಿತು. ತೀರ್ಮಾನವಿಲ್ಲದ ಕಾರಣ ಒಬ್ಬಿಬ್ಬರು ಸುಮ್ಮನೆ ಎದ್ದು ಹೋಗಿ ಕೆಲಸ ಮಾಡುವುದು ಕಲಿತರು. ಅವರಲ್ಲಿ ಬೇಕರಿಯಕ್ಕನ ಗಂಡನೂ ಒಬ್ಬ. ಹೇಳದೆ ಕೇಳದೆ ಹೊಲದ ಹೆಂಟೆ ಒಡೆದು ಬಂದ.

ಇಲಿಗಳು ಮೂರ್ಖರಲ್ಲ. ಉಗ್ರಾಣ ಸರಿಯಿಲ್ಲವೆಂದು ತಿಳಿದು ಸಂಸಾರ ಸಮೇತ ದೊಡ್ಡಣ್ಣನ ಕೋಣೆಗೆ ವಲಸೆ ಹೋದವು. ಅಲ್ಲಿ ಹತ್ತಿಯ ಹಾಸಿಗೆಯಿತ್ತು, ಬಾದಾಮಿಯ ಡಬ್ಬವಿತ್ತು. ಆ ಬಾದಾಮಿ ಬಳಗದ ಯಾವ ಮರದಲ್ಲಿ ಬಿಟ್ಟದ್ದೆಂದು ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ದೊಡ್ಡಣ್ಣ ಉಗ್ರಾಣದ ಮುಂದೆ ಬಂದು ನಿಂತ. ಬೇಕರಿಯಕ್ಕ ಹಿಟ್ಟು ನಾದುತ್ತಿದ್ದಳು.

"ಅಕ್ಕಾ, ಬೆಕ್ಕು ಒಂದೆರಡು ದಿನ ನನ್ನ ಕೋಣೆಗೆ ಬಂದಿರಬಹುದಾ?"

"ಯಾಕಣ್ಣಾ?"

"ಸುಮ್ನೆ. ಪ್ರಾಣಿಗಳ ಒಡನಾಟ."

"ಒಡನಾಟಕ್ಕೆ ಇಲಿಗಳಿವೆಯಲ್ಲ. ಪಾಲಿನ ತಟ್ಟೆ ಬೇಕಿದ್ರೆ ಕೊಡ್ತೀನಿ, ಇಲ್ಲಿ ಈಗ ಯಾರೂ ಉಣ್ಣೋರಿಲ್ಲ."

ಅವನು ಹೊರಡಲಿಲ್ಲ. ಮುಖ ಬಾಡಿತ್ತು, ಕಣ್ಣಡಿ ಕಪ್ಪಾಗಿತ್ತು. ಅವಳಿಗೆ ಕನಿಕರ ಬರುವುದರಲ್ಲಿತ್ತು, ಅಷ್ಟರಲ್ಲಿ ಅವನೇ ಹೇಳಿದ: "ಬಿಡು. ಹೇಗೂ ಸ್ವಲ್ಪ ದಿನ ಫ್ಲ್ಯಾಟಿಗೆ ಹೋಗಿ ಬರೋಣ ಅಂತಿದ್ದೆ. ಅಧ್ಯಯನಕ್ಕೆ."

"ಹೋಗಿ ಬನ್ನಿ ಅಣ್ಣಾ," ಎಂದಳು. "ಕಿಟಕಿ ಮುಚ್ಚಿಕೊಂಡು ಚೆನ್ನಾಗಿ ನಿದ್ದೆ ಮಾಡಿ."

ದೊಡ್ಡಣ್ಣ ಸೂಟ್‌ಕೇಸು ಹಿಡಿದು ಗೇಟು ದಾಟಿದ ದಿನವೇ ಹಿಂಗಾರಿನ ಮೊದಲ ಮಳೆ ಬಿತ್ತು. ಸಭೆ ಸೇರಲಿಲ್ಲ. ಸೇರಿದ್ದರೆ ಬಿತ್ತನೆ ಬೇಡವೆಂದು ಯಾರಾದರೂ ಕೂತಿರುತ್ತಿದ್ದರು. ಬೇಕರಿಯಕ್ಕ ಉಗ್ರಾಣದ ಬಾಗಿಲನ್ನು ಪೂರ್ತಿ ತೆರೆದಳು. ಗಂಡ ಒಂದು ಬುಟ್ಟಿ ಹೊತ್ತ, ಅವಳು ಇನ್ನೊಂದು.

"ಸಾಲುತ್ತಾ?" ಎಂದು ಕೇಳಿದ ಅವನು, ಹೊಲದ ಅಂಚಿನಲ್ಲಿ ನಿಂತು.

"ಅರ್ಧ ಹೊಲಕ್ಕೆ ಸಾಲುತ್ತೆ."

"ಉಳಿದರ್ಧ?"

"ಉಳಿದರ್ಧ ಇಲಿಗಳು ತಿಂದಾಗಿದೆ ರೀ. ಅದಕ್ಕೆ ನಾವೂ ಕೈಯೆತ್ತಿದ್ವಿ. ನಡೀರಿ, ನೆಲ ಒಣಗೋಕೆ ಮುಂಚೆ."

ಅವನು ಕೆಸರಿಗೆ ಇಳಿದ, ಎರಡೂ ಕಾಲು ಹಾಕಿ. ಅವಳು ಸೆರಗು ಸಿಕ್ಕಿಸಿ, ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಹಿಂದೆಯೇ ಇಳಿದಳು.